ಮೂಡಣ ಕೋಣೆಯ ಕಿಟಕಿ

ಜನವರಿ 12

ಪ್ರೀತಿಯ ಅತ್ತಿಗೆ,

ತಾರಸಿ ಹಾಕಿ ಮುಗಿಯಿತು. ಈಗ ಮನೆಗೆ ಗೋಡೆಯಿದೆ, ಸೂರಿದೆ, ಕಿಟಕಿ ಇರಬೇಕಾದ ಕಡೆ ಏಳು ದೊಡ್ಡ ಬಾಯಿಗಳಿವೆ. ಸಂಜೆ ಮುದ್ರಣಾಲಯದಿಂದ ನೇರ ಅಲ್ಲಿಗೇ ಹೋಗುತ್ತೇನೆ. ದಿನವಿಡೀ ಕರಡು ತಿದ್ದಿದ ಕಣ್ಣಿಗೆ ಆ ತೆರಪುಗಳನ್ನು ನೋಡುವುದೇ ಒಂದು ಸುಖ. ಅಲ್ಲಿ ಓದುವುದಕ್ಕೆ ಏನೂ ಇಲ್ಲವಲ್ಲ.

ಮೇಸ್ತ್ರಿಯದು ದಿನಾ ಒಂದೇ ರಾಗ. “ಎಲ್ಲದಕ್ಕೂ ಸ್ಲೈಡಿಂಗ್ ಹಾಕಿಬಿಡಿ ಅಮ್ಮ, ತಲೆನೋವಿರಲ್ಲ.”

“ಯಾರ ತಲೆ?” ಅಂದೆ.

“ನನ್ನದು,” ಅಂದರು. ಅಷ್ಟು ಪ್ರಾಮಾಣಿಕರು.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಎಲ್ಲಕ್ಕೂ “ಹೂಂ, ಹಾಗೇ ಮಾಡು” ಅಂದುಬಿಡುತ್ತೀರಿ. ಕಾಗದದಲ್ಲಿ ಹೂಂಗುಟ್ಟಲು ಬರುವುದಿಲ್ಲ. ಕಿಟಕಿ ಕಾರ್ಖಾನೆಯ ವಿಚಾರಣೆ ಮೇಜಿನಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವ ನೀವು ಮನೆಯವಳಿಗೂ ಒಂದಿಷ್ಟು ಹೇಳಿ. ಮುಂದಿನ ಕೋಣೆಗೆ ಎರಡು, ಅಡುಗೆಮನೆ, ಬಚ್ಚಲು, ಮೆಟ್ಟಿಲು, ನನ್ನ ಕೋಣೆ, ನಿಮ್ಮ ಕೋಣೆ. ನಿಮ್ಮದು ಮೂಡಣ ದಿಕ್ಕಿನದು. ಎದುರಿಗೆ ಖಾಲಿ ನಿವೇಶನ, ಸದ್ಯಕ್ಕಂತೂ ಯಾರೂ ಕಟ್ಟುವ ಹಾಗೆ ಕಾಣುವುದಿಲ್ಲ. ಬೆಳಗಿನ ಬಿಸಿಲು ನೆಲದ ಅರ್ಧದವರೆಗೆ ಬರುತ್ತದೆ.

ಈ ಜಾಗ ಕೊಂಡಾಗ ನಾವು ಮೂವರಿದ್ದೆವು. ಅಣ್ಣ ತೀರಿಕೊಂಡು ಐದು ವರ್ಷ. “ಸ್ವಲ್ಪ ದಿನ ಕೆಲಸ ಮಾಡಿ ಬರುತ್ತೇನೆ” ಎಂದು ನೀವು ಆ ಊರಿಗೆ ಹೋಗಿ ಮೂರು ವರ್ಷ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲವೆ, ಅತ್ತಿಗೆ?

ನಿಮ್ಮ
ಕಡ್ಡಿ


ಜನವರಿ 25

ಪ್ರೀತಿಯ ಕಡ್ಡಿ,

ನಿನ್ನ ಅಣ್ಣ ಇಟ್ಟ ಹೆಸರು. ನಲವತ್ತಾರಾದರೂ ನಿನಗೆ ಅದೇ ಸರಿ. ಊಟ ಸರಿಯಾಗಿ ಮಾಡುತ್ತಿದ್ದೀಯೋ ಇಲ್ಲವೋ.

ಮೇಜಿಗೆ ಬಂದವರಿಗೆ ನಾನು ಮೊದಲು ಕೇಳುವುದು, “ಈ ಕಿಟಕಿಯಿಂದ ನಿಮಗೆ ಏನಾಗಬೇಕು?” ಎಂದು. ಗಾಳಿಯೋ, ಬೆಳಕೋ, ನೋಟವೋ, ನಿಶ್ಶಬ್ದವೋ. ಎಲ್ಲವೂ ಬೇಕು ಅನ್ನುತ್ತಾರೆ. ಎಲ್ಲವನ್ನೂ ಕೊಡುವ ಕಿಟಕಿಯನ್ನು ನಮ್ಮ ಕಾರ್ಖಾನೆ ಇನ್ನೂ ಮಾಡಿಲ್ಲ.

ಮೇಸ್ತ್ರಿ ಹೇಳುವ ಸ್ಲೈಡಿಂಗ್ ಕೆಟ್ಟದ್ದಲ್ಲ. ಜಾರಿಸಿದರಾಯಿತು, ಜಾಗ ತಿನ್ನುವುದಿಲ್ಲ. ಆದರೆ ಎಷ್ಟು ದೊಡ್ಡದು ಹಾಕಿಸಿದರೂ ತೆರೆಯುವುದು ಅರ್ಧವೇ. ಒಂದು ಗಾಜು ಇನ್ನೊಂದರ ಹಿಂದೆ ಹೋಗಿ ನಿಲ್ಲಬೇಕಲ್ಲ. ಮುಂದಿನ ಕೋಣೆಯ ರಸ್ತೆ ಬದಿಗೆ ಅದಿರಲಿ. ಕೆಳಗಿನ ಹಳಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಬಣ್ಣದವರು ಮುಚ್ಚಿಬಿಡುತ್ತಾರೆ, ನೋಡಿಕೋ. ಅದೇ ಕೋಣೆಯ ಪಕ್ಕದ ಗೋಡೆಗೆ ತೆರೆಯದ ಗಾಜು ಸಾಕು. ಅದು ಬರೀ ನೋಡಲು. ಹೊರಗಿನಿಂದ ಒರೆಸಲು ಕೈ ಎಟುಕುತ್ತದೆಯೇ ಎಂದು ಮೊದಲೇ ಯೋಚಿಸು.

ಅಡುಗೆಮನೆಗೆ ಬಾಗಿಲಿನಂತೆ ಹೊರಕ್ಕೆ ತೆರೆಯುವ ಎರಡು ಕದದ್ದು. ಪೂರ್ತಿ ತೆರೆಯುತ್ತದೆ, ಮುಚ್ಚಿದರೆ ಬಿಗಿಯಾಗಿ ಕೂರುತ್ತದೆ. ಆ ಕಡೆ ಓಡಾಡುವ ದಾರಿಯಿದ್ದರೆ ಮಾತ್ರ ಬೇಡ, ಯಾರದಾದರೂ ಹಣೆಗೆ ತಾಗೀತು. ಬಚ್ಚಲಿಗೆ ಮೇಲೆ ಕೀಲಿದ್ದು ಕೆಳಗಿನಿಂದ ಹೊರಕ್ಕೆ ಎತ್ತುವಂಥದ್ದು. ಮಳೆ ಬರುವಾಗಲೂ ತೆರೆದಿಡಬಹುದು. ಪಟ್ಟಿ ಗಾಜಿನದು ಅಗ್ಗವೆಂದು ಆಸೆಪಡಬೇಡ, ಪಟ್ಟಿಗಳ ನಡುವೆ ಧೂಳು ಬಂದೇ ಬರುತ್ತದೆ. ಮೆಟ್ಟಿಲಿಗೆ ಎತ್ತರದಲ್ಲಿ ಒಂದು ಚಿಕ್ಕದು. ನಿನ್ನ ಕೋಣೆ ರಸ್ತೆ ಕಡೆಗಾದರೆ ಎರಡು ಪದರದ ಗಾಜು ಹಾಕಿಸು. ನಿನ್ನ ನಿದ್ದೆ ನನಗೆ ಗೊತ್ತು, ಎಲೆ ಬಿದ್ದರೂ ಏಳುವವಳು. ಸದ್ದು ತಡೆಯಬೇಕಾದರೆ ಎರಡು ಗಾಜೂ ಒಂದೇ ದಪ್ಪ ಇರಬಾರದು ಅನ್ನುತ್ತಾರೆ ಇಲ್ಲಿ ಗಾಜಿನ ವಿಭಾಗದವರು. ಒಂದನ್ನು ದಾಟಿದ ಸದ್ದು ಇನ್ನೊಂದರಲ್ಲಿ ಸಿಕ್ಕಿಕೊಳ್ಳಬೇಕಂತೆ.

ಮೂಡಣ ಕೋಣೆಗೆ ನಿನಗೆ ಸರಿಕಂಡದ್ದನ್ನು ಹಾಕಿಸು.

ನಿನ್ನ
ಅತ್ತಿಗೆ


ಫೆಬ್ರವರಿ 6

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಮೇಸ್ತ್ರಿಗೆ ಓದಿ ಹೇಳಿದೆ. ಕೈಕಟ್ಟಿ ಕೇಳಿದರು. “ಇವರು ಮಾರೋರಾ, ಬೇಡ ಅನ್ನೋರಾ?” ಅಂದರು ಕೊನೆಗೆ. ಬಚ್ಚಲಿನದನ್ನು ಮಾತ್ರ ಒಪ್ಪಿದ್ದಾರೆ. ಉಳಿದದ್ದಕ್ಕೆ ನಾಳೆ ಜಗಳ.

ಎಲ್ಲ ಕೋಣೆಗೂ ಒಂದೊಂದು ಪುಟದಷ್ಟು ಹೇಳಿ, ನಿಮ್ಮ ಕೋಣೆಗೆ ಒಂದೇ ಸಾಲು. ನನಗೆ ನಿಮ್ಮ ಸಂಕೋಚ ಗೊತ್ತಿಲ್ಲವೆ? ಮನೆಯಲ್ಲಿ ದೊಡ್ಡ ಲೋಟ ಯಾವಾಗಲೂ ನನಗೆ, ಒಡಕು ಹಿಡಿಯ ಚಿಕ್ಕ ಲೋಟ ನಿಮಗೆ. ಈ ಸಲ ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ಕೋಣೆಗೆ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಬೇ ವಿಂಡೋ ಹಾಕಿಸಬೇಕೆಂದಿದ್ದೇನೆ. ಮೂರು ಮುಖದ್ದು, ಒಳಗೆ ಕೂರಲು ಕಟ್ಟೆ. ಇಬ್ಬರು ಎದುರುಬದುರು ಕಾಲು ಮಡಚಿ ಕೂರಬಹುದು.

ಬಾಡಿಗೆ ಮನೆಯಲ್ಲಿ ನಮಗಿದ್ದದ್ದು ಅಡುಗೆಮನೆಯ ಒಂದೇ ಕಿಟಕಿ. ಅದಕ್ಕೂ ಎದುರು ಮನೆಯ ನೀರಿನ ಕೊಳವೆಯೇ ನೋಟ. ಅಣ್ಣ ಕೆಲಸಕ್ಕೆ ಹೊರಟ ಮೇಲೆ ನಾವಿಬ್ಬರೂ ಅಲ್ಲಿ ನಿಂತೇ ಚಹಾ ಕುಡಿಯುತ್ತಿದ್ದೆವು. ಯಾವ ಮಾತಾಡುತ್ತಿದ್ದೆವೋ, ಒಂದೂ ನೆನಪಿಲ್ಲ. ನಿಮ್ಮ ಮೊಣಕೈ ನನ್ನ ಮೊಣಕೈಗೆ ತಾಗುತ್ತಿದ್ದದ್ದು ನೆನಪಿದೆ. ಈಗ ನನ್ನ ಚಹಾಕ್ಕೆ ಬೇಕಾದಷ್ಟು ಜಾಗ. ಏನು ಮಾಡಲಿ ಅದನ್ನು?

ನಿಮ್ಮ
ಕಡ್ಡಿ


ಫೆಬ್ರವರಿ 23

ಪ್ರೀತಿಯ ಕಡ್ಡಿ,

ಬೇ ವಿಂಡೋ ಬೇಡ. ಹೊರಕ್ಕೆ ಚಾಚಿದ ಭಾರಕ್ಕೆ ಕೆಳಗಿನಿಂದ ಆಸರೆ ಬೇಕು. ಅದನ್ನು ಅಡಿಪಾಯದ ಹೊತ್ತಿಗೇ ಯೋಚಿಸಬೇಕಿತ್ತು. ಮೂಡಣ ಬಿಸಿಲು ಮೂರು ಕಡೆಯಿಂದ ಹೊಕ್ಕರೆ ಬೇಸಗೆಯಲ್ಲಿ ಒಲೆಯ ಮುಂದೆ ಕೂತ ಹಾಗೆ. ಮೂಲೆಗಳ ಸಂದಿಯಲ್ಲಿ ನೀರು ಜಿನುಗಿದರೆ ಎಲ್ಲಿಂದ ಬಂತೆಂದು ಹುಡುಕಿ ಸಾಕಾಗುತ್ತದೆ. ಕೂರಲು ಆಸೆಯಾದರೆ ಕುರ್ಚಿ ಹಾಕಿಕೋ.

ಅಳತೆ ತೆಗೆದು ಕಳಿಸು. ಪ್ರತಿ ತೆರಪಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆ. ಎತ್ತರವನ್ನೂ ಹಾಗೆಯೇ. ಮೂರರಲ್ಲಿ ಚಿಕ್ಕದನ್ನು ಬರೆ. ಗೋಡೆ ನೇರ ಇದೆಯೆಂದು ಮೇಸ್ತ್ರಿ ಹೇಳಿದರೂ ನಂಬಬೇಡ. ಯಾವ ಗೋಡೆಯೂ ನೇರ ಇರುವುದಿಲ್ಲ. ಅಂಚಿಗೆ ಬಿಡುವ ಸಡಿಲವನ್ನು ಇಲ್ಲಿ ನಾವು ಲೆಕ್ಕ ಹಾಕುತ್ತೇವೆ, ನೀನು ಏನೂ ಕೂಡಿಸಬೇಡ, ಕಳೆಯಬೇಡ. ಅಳೆಯುವವರು ಒಬ್ಬರು, ಕೂರಿಸುವವರು ಇನ್ನೊಬ್ಬರು ಆದಾಗಲೇ ಅರ್ಧ ತಪ್ಪು ಆಗುವುದು ಅನ್ನುತ್ತಾರೆ ಗಾಜಿನವರು. ನಿನ್ನ ಆರ್ಡರನ್ನು ನಾನೇ ಬರೆಯುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ.

ಮನೆ ನಿನ್ನದು, ಕಡ್ಡಿ. ನಿನ್ನ ಮನಸ್ಸಿಗೆ ಒಪ್ಪುವ ಹಾಗೆ ಕಟ್ಟಿಕೋ. ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮನೆಯಲ್ಲಿ ನಾವು ಅತಿಥಿಗಳ ಹಾಗೆ ಇರಬೇಕಾಗುತ್ತದೆ.

ನಿನ್ನ
ಅತ್ತಿಗೆ


ಮಾರ್ಚ್ 8

ಪ್ರೀತಿಯ ಅತ್ತಿಗೆ,

ಅಳತೆ ಈ ಕಾಗದದ ಹಿಂದೆ ಇದೆ. ಅದರ ಹಿಂದಿನ ರಾಮಾಯಣ ಕೇಳಿ.

ಟೇಪಿನ ಇನ್ನೊಂದು ತುದಿ ಹಿಡಿಯಲು ಎದುರು ಮನೆಯ ಟೈಲರಮ್ಮನನ್ನು ಕರೆದೆ. ಬಾಯಿ ಜೋರು, ಕೈ ಚುರುಕು. ಆಕೆ ಅಳೆದು ಹೇಳಿದಂತೆಲ್ಲ ನಾನು ಬರೆದುಕೊಂಡೆ. ಮೇಸ್ತ್ರಿ ನೋಡಿದವರೇ, “ಇದೇನಮ್ಮ, ಕಿಟಕಿ ಗೋಡೆಗಿಂತ ದೊಡ್ಡದು?” ಅಂದರು. ಮತ್ತೆ ಅಳೆದರೆ ಪ್ರತಿಯೊಂದೂ ಎರಡಿಂಚು ಹೆಚ್ಚು.

“ಹೊಲಿಗೆಗೆ ಬಿಡಬೇಡವಾ?” ಅಂದರು ಟೈಲರಮ್ಮ, ಮುಖ ಗಂಟಿಕ್ಕಿಕೊಂಡು. “ಎರಡು ಕಡೆ ಒಂದೊಂದು ಇಂಚು. ಮೂವತ್ತು ವರ್ಷದಿಂದ ಹಾಗೇ ಅಳೆಯೋದು. ನನ್ನ ಒಂದು ಅಂಗಿನಾದರೂ ಬಿಗಿ ಆಗಿದೆಯಾ, ಕೇಳಿ ನೋಡಿ.”

“ಮುಂದಕ್ಕೆ ಗೋಡೆ ದಪ್ಪ ಆದರೆ ಬಿಚ್ಚಿ ಹೊಲಿಯೋಣ ಬಿಡಿ,” ಅಂದರು ಮೇಸ್ತ್ರಿ. ಈಗ ಅವರಿಬ್ಬರ ನಡುವೆ ಮಾತುಕತೆ ನಿಂತಿದೆ. ನಾನು ಒಬ್ಬಳೇ ಮತ್ತೆ ಎಲ್ಲ ಅಳೆದೆ. ಮೂರು ಕಡೆ, ಚಿಕ್ಕದು, ಏನೂ ಕೂಡಿಸಿಲ್ಲ.

ಬೇ ವಿಂಡೋ ಬಿಟ್ಟೆ. ನಿಮ್ಮ ಕೋಣೆಗೆ ಹೊರಕ್ಕೆ ತೆರೆಯುವ ಎರಡು ಕದದ ದೊಡ್ಡ ಕಿಟಕಿ. ಪೂರ್ತಿ ತೆರೆಯಬೇಕು, ಅರ್ಧವಲ್ಲ. ಜೂನ್‌ನಲ್ಲಿ ಹೊಸ ಮನೆಗೆ ಹೋಗುತ್ತೇನೆ ಎಂದು ಬಾಡಿಗೆ ಮನೆಯವರಿಗೆ ಹೇಳಿಬಿಟ್ಟಿದ್ದೇನೆ. ನೀವೂ ಅಷ್ಟರೊಳಗೆ ಕೆಲಸ ಬಿಡುವ ಮಾತು ತಿಳಿಸಿಬಿಡಿ. ಇನ್ನೊಂದು ವಿಷಯ. ಆ ಗಾಜಿನವರು ನಿಮ್ಮ ಕಾಗದದಲ್ಲಿ ನಿಮಗಿಂತ ಹೆಚ್ಚು ಮಾತಾಡುತ್ತಾರೆ. ಎಲ್ಲ ಕಾರ್ಖಾನೆಯಲ್ಲೂ ಇಂಥ ಒಬ್ಬ ಸರ್ವಜ್ಞ ಇರುತ್ತಾರೆ. ನಮ್ಮ ಮುದ್ರಣಾಲಯದಲ್ಲಿ ಇಬ್ಬರಿದ್ದಾರೆ.

ನಿಮ್ಮ
ಕಡ್ಡಿ


ಏಪ್ರಿಲ್ 18

ಪ್ರೀತಿಯ ಅತ್ತಿಗೆ,

ಮಾರ್ಚ್ ಪೂರ್ತಿ ನಿಮ್ಮ ಕಾಗದವಿಲ್ಲ. ಆದರೆ ಕಿಟಕಿಗಳು ಬಂದವು. ಅದೂ ಒಂದು ಉತ್ತರವೆಂದು ಸಮಾಧಾನ ಮಾಡಿಕೊಂಡೆ.

ಎಲ್ಲ ಹೂವಿನಂತೆ ಕೂತವು. ಎಲ್ಲಿಯೂ ಒಂದು ಎಳೆ ಹೆಚ್ಚುಕಡಿಮೆ ಇಲ್ಲ. ಮೇಸ್ತ್ರಿಯೇ ಅಡುಗೆಮನೆಯ ಕಿಟಕಿಯನ್ನು ಸುಮ್ಮನೆ ತೆರೆಯುವುದು, ಮುಚ್ಚುವುದು ಮಾಡುತ್ತ ನಿಂತಿದ್ದರು. ನನ್ನ ಕೋಣೆಯ ಕಿಟಕಿ ಮುಚ್ಚಿದರೆ ರಸ್ತೆ ಎಲ್ಲಿಗೋ ಹೊರಟುಹೋಗುತ್ತದೆ. ನಿಮ್ಮ ಸರ್ವಜ್ಞರಿಗೆ ನನ್ನ ನಮಸ್ಕಾರ ತಿಳಿಸಿ.

ಆದರೆ ಆರೇ ಬಂದಿವೆ. ನಿಮ್ಮ ಕೋಣೆಯದು ಬಂದಿಲ್ಲ. ಲಾರಿಯವರನ್ನು ಕೇಳಿದರೆ, “ಏರಿಸಿದ್ದನ್ನ ಇಳಿಸಿದೀನಿ, ನಾನೇನು ಕಿಟಕಿ ತಿಂತೀನಾ?” ಅಂದರು. ಇಷ್ಟು ದೊಡ್ಡ ಕಾರ್ಖಾನೆಯವರಿಗೆ ಏಳರ ತನಕ ಎಣಿಸಲು ಬರುವುದಿಲ್ಲವೆ? ಸ್ವಂತ ಮನೆಯ ಆರ್ಡರನ್ನೇ ಹೀಗೆ ಕಳಿಸಿದರೆ ಬೇರೆಯವರ ಗತಿಯೇನು? ಲಾರಿಗೆ ಏರಿಸಿದವರನ್ನು ಚೆನ್ನಾಗಿ ಬೈದು ಜೂನ್‌ಗೆ ಮುಂಚೆ ಕಳಿಸಿಕೊಡಿ.

ಸದ್ಯಕ್ಕೆ ಆ ತೆರಪಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಹೊಡೆಸಿದ್ದೇನೆ. ಗಾಳಿ ಬಂದಾಗ ಉಬ್ಬುತ್ತದೆ, ಮತ್ತೆ ಒಳಕ್ಕೆ ಹೋಗುತ್ತದೆ. ಯಾರೋ ಆ ಕಡೆ ನಿಂತು ಉಸಿರಾಡುತ್ತಿರುವ ಹಾಗೆ.

ನಿಮ್ಮ
ಕಡ್ಡಿ


ಏಪ್ರಿಲ್ 30

ಪ್ರೀತಿಯ ಕಡ್ಡಿ,

ಯಾರನ್ನೂ ಬೈಯುವ ಹಾಗಿಲ್ಲ. ಆರ್ಡರ್ ಬರೆದದ್ದು ನಾನೇ. ಆರು ಎಂದೇ ಬರೆದೆ.

ಏಳನೆಯದನ್ನು ಎರಡು ಸಲ ಬರೆಯಲು ಕೂತೆ. ಅಗಲ ಬರೆದೆ, ಎತ್ತರ ಬರೆದೆ, ಕೀಲು ಯಾವ ಕಡೆ ಎನ್ನುವಲ್ಲಿಗೆ ಬಂದಾಗ ಕೈ ನಿಂತಿತು. ಆ ಕಿಟಕಿಯ ಹಿಂದೆ ನಾನು ಕೂರುವುದಿಲ್ಲವೆಂದು ಗೊತ್ತಿದ್ದೂ ನನ್ನ ಹೆಸರಿನಲ್ಲಿ ಅದನ್ನು ನಿನಗೆ ಮಾರಲು ಮನಸ್ಸು ಬರಲಿಲ್ಲ.

ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನೀನು ಸರ್ವಜ್ಞ ಅನ್ನುವವರು, ಗಾಜಿನ ವಿಭಾಗದವರು, ಅವರನ್ನು ನಾನು ಮದುವೆಯಾಗುತ್ತಿದ್ದೇನೆ. ಜೂನ್ ಕೊನೆಯಲ್ಲಿ, ನೋಂದಣಿ ಕಚೇರಿಯಲ್ಲಿ. ಅವರ ಹೆಂಡತಿ ತೀರಿಕೊಂಡು ತುಂಬಾ ವರ್ಷವಾಯಿತು. ಮಾತು ಕಡಿಮೆ. ನನ್ನ ಕಾಗದದಲ್ಲಿ ಅಷ್ಟು ಮಾತಾಡಿದರೆಂದು ಹೇಳಿದರೆ ಅವರೇ ನಂಬಲಿಕ್ಕಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಎದುರು ಕೂರುತ್ತಾರೆ. ಮೊದಲು ವಾರಕ್ಕೊಂದು ಮಾತಿತ್ತು. ಆಮೇಲೆ ಒಂದು ದಿನ ಅವರು ಬರಲಿಲ್ಲ, ನಾನು ತೆರೆದ ಡಬ್ಬಿಯನ್ನು ಉಣ್ಣದೆ ಹಾಗೇ ಮುಚ್ಚಿಟ್ಟೆ. ಆಗ ನನಗೆ ಗೊತ್ತಾಯಿತು. ಐವತ್ತೊಂದನೆಯ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇರಲೂ ನಾಚಿಕೆಯಾಗುತ್ತಿತ್ತು.

ನಿನಗೆ ಹೇಳಲು ಯಾಕೆ ಹೆದರಿದೆ ಗೊತ್ತೆ? ನಾನು ನಿನಗೆ ಅತ್ತಿಗೆಯಾದದ್ದು ನಿನ್ನ ಅಣ್ಣನಿಂದ. ಅವರು ಹೋದ ಮೇಲೂ ನೀನು ಆ ಹೆಸರನ್ನು ನನ್ನಿಂದ ತೆಗೆಯಲಿಲ್ಲ. ಈಗ ನಾನೇ ಅದನ್ನು ಬಿಟ್ಟುಕೊಟ್ಟ ಹಾಗಾಗುತ್ತದೆಯೋ ಏನೋ. ನನಗೆ ಒಡಹುಟ್ಟಿದವರಿಲ್ಲ. ನೀನು ಹಾಗೆ ಕರೆಯುವುದು ನಿಂತರೆ ನನ್ನನ್ನು ಕರೆಯಲು ಆ ಹಳೆಯ ಮನೆಯಿಂದ ಇನ್ನಾರೂ ಉಳಿಯುವುದಿಲ್ಲ.

ಕೋಪ ಬಂದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ನಿನ್ನ
ಅತ್ತಿಗೆ


ಮೇ 7

ಕಾಗದ ತಲುಪಿತು. ಕಿಟಕಿಗಳೆಲ್ಲ ಸರಿಯಾಗಿವೆ. ಮೂಡಣ ಕೋಣೆಯ ತೆರಪಿಗೆ ಇಟ್ಟಿಗೆ ಕಟ್ಟಿಸುತ್ತಿದ್ದೇನೆ. ಬೇರೆ ಕಿಟಕಿ ಕಳಿಸಬೇಕಾಗಿಲ್ಲ. ನಿಮಗೆ ಒಳ್ಳೆಯದಾಗಲಿ.


ಜುಲೈ 2

ಪ್ರೀತಿಯ ಕಡ್ಡಿ,

ಹೋದ ವಾರ ನಮ್ಮ ಸಹಿಗಳಾದವು. ಸಾಕ್ಷಿಗೆ ಕಾರ್ಖಾನೆಯ ಇಬ್ಬರು ಬಂದಿದ್ದರು. ಗುಮಾಸ್ತರು “ಹುಡುಗಿಯ ಕಡೆಯವರು ಯಾರು?” ಎಂದು ಕೇಳಿದರು, ರೂಢಿಯ ಮಾತು. ನಾನು ಬಾಗಿಲ ಕಡೆ ನೋಡಿದೆ. ನೀನು ಬರುವುದಿಲ್ಲವೆಂದು ಗೊತ್ತಿದ್ದೇ ನೋಡಿದೆ.

ಇಟ್ಟಿಗೆ ಕಟ್ಟಿಸಿದೆಯೋ ಇಲ್ಲವೋ ತಿಳಿಯದು. ಇನ್ನೂ ಇಲ್ಲವಾದರೆ ಇಷ್ಟನ್ನು ಮೇಸ್ತ್ರಿಗೆ ಹೇಳು. ಹೊಸ ಇಟ್ಟಿಗೆ ಹಳೆಯ ಗೋಡೆಗೆ ತಾನಾಗಿ ಹಿಡಿಯುವುದಿಲ್ಲ. ಎರಡೂ ಅಂಚನ್ನು ಕೆತ್ತಿ, ಹಲ್ಲಿಗೆ ಹಲ್ಲು ಸೇರಿಸಿ ಕಟ್ಟಬೇಕು. ಬರೀ ಗಾರೆ ಮೆತ್ತಿ ಮುಚ್ಚಿದರೆ ವರ್ಷ ತುಂಬುವುದರೊಳಗೆ ಕಿಟಕಿ ಇದ್ದ ಆಕಾರದಲ್ಲಿಯೇ ಬಿರುಕು ಬಿಡುತ್ತದೆ. ಎಷ್ಟು ಬಣ್ಣ ಬಳಿದರೂ ಕಾಣುತ್ತದೆ. ಮೇಲೆ ಗೇಣುದ್ದ ಒಂದು ಗಾಳಿಕಿಂಡಿ ಬಿಡಿಸು. ಕೋಣೆ ಮುಗ್ಗಲು ಹಿಡಿಯಬಾರದು.

ಕೆಳಗೆ ಏನೆಂದು ಸಹಿ ಹಾಕಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.


ಸೆಪ್ಟೆಂಬರ್ 14

ಪ್ರೀತಿಯ ಅತ್ತಿಗೆ,

ಇಟ್ಟಿಗೆ ಕಟ್ಟಿಸಲಿಲ್ಲ.

ನಿಮ್ಮ ಕಾಗದ ಬರುವುದಕ್ಕೆ ಮೊದಲೇ ಮೇಸ್ತ್ರಿ ಇಟ್ಟಿಗೆ ತಂದು ಇಳಿಸಿದ್ದರು. “ಇದನ್ನ ಮುಚ್ಚಿದರೆ ಕೋಣೆ ಉಗ್ರಾಣ ಆಗುತ್ತೆ, ಈಗಲೇ ಹೇಳಿಬಿಟ್ಟೆ,” ಅಂದರು.

“ಆಗಲಿ,” ಅಂದೆ.

“ಉಗ್ರಾಣದಲ್ಲಿ ಇಡೋಕೆ ನಿಮ್ಮ ಹತ್ರ ಏನಿದೆ ಅಮ್ಮ?”

ನಾಳೆ ಬನ್ನಿ ಅಂದೆ. “ನಾಳೆ ಅಂದರೆ ನಾನು ಹೇಳೋ ನಾಳೆನಾ, ನೀವು ಹೇಳೋ ನಾಳೆನಾ?” ಎಂದು ಕೇಳಿ ಹೋದವರು ಮತ್ತೆ ಆ ಮಾತು ಎತ್ತಲಿಲ್ಲ. ಇಟ್ಟಿಗೆಗಳು ಬಾಗಿಲ ಪಕ್ಕ ಹಾಗೇ ಇವೆ. ಟೈಲರಮ್ಮ ಅವುಗಳ ಮೇಲೆ ಕೂತು ಹರಟುತ್ತಾರೆ.

ಮಳೆಗಾಲ ಪೂರ್ತಿ ಆ ನೀಲಿ ಹಾಳೆಯೊಂದಿಗೆ ಕಳೆದೆ. ಕರಡು ತಿದ್ದಲು ನನ್ನ ಕೋಣೆಯೇ ಇದೆ, ನಿಶ್ಶಬ್ದವಾಗಿ, ಎರಡು ಪದರದ ಗಾಜಿನ ಹಿಂದೆ. ಆದರೂ ಯಾಕೋ ಕಾಗದಗಳನ್ನು ಎತ್ತಿಕೊಂಡು ಈ ಕೋಣೆಗೇ ಬಂದು ಕೂರುತ್ತಿದ್ದೆ. ಮಳೆ ಹಾಳೆಗೆ ಬಡಿಯುವಾಗ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ನನಗೆ ಯಾರ ಮೇಲೆ ಕೋಪ ಎಂದು ಯೋಚಿಸುತ್ತಿದ್ದೆ. ನಿಮ್ಮ ಮೇಲೆ ಎಂದುಕೊಂಡಿದ್ದೆ. ನಿಮ್ಮ ಏಪ್ರಿಲ್ ಕಾಗದ ಓದಿದ ದಿನ ನನಗೆ ಅಣ್ಣ ಇನ್ನೊಂದು ಸಲ ಹೋದ ಹಾಗಾಗಿತ್ತು. ಮೊದಲ ಸಲ ನೀವು ನನ್ನ ಪಕ್ಕದಲ್ಲಿದ್ದಿರಿ. ಈ ಸಲ ಆ ದುಃಖವನ್ನು ಹೇಳಿಕೊಳ್ಳಬೇಕಾದವರೂ ನೀವೇ, ತಂದವರೂ ನೀವೇ. ಅದಕ್ಕೇ ಆ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದೆ. ಹಾಕಿದ ಮೇಲೆ ಪೆಟ್ಟಿಗೆಯ ಬಾಯಿಗೆ ಕೈ ಹಾಕಿ ನೋಡಿದೆ, ಎಟುಕಲಿಲ್ಲ.

ಆಮೇಲೆ ಎಷ್ಟೋ ಸಲ ಕಾಗದ ಶುರುಮಾಡಿದೆ. ನಿಮ್ಮನ್ನು ಏನೆಂದು ಕರೆಯುವುದು ಎಂಬಲ್ಲಿಯೇ ನಿಲ್ಲುತ್ತಿತ್ತು. ಹೆಸರು ಬರೆದು ನೋಡಿದೆ, ಯಾರೋ ಪರಿಚಯವಿಲ್ಲದ ಹೆಂಗಸು ಎದುರು ನಿಂತ ಹಾಗಾಯಿತು. “ಅಕ್ಕ” ಎಂದು ಬರೆದೆ. ಒಳ್ಳೆಯ ಪದ, ಆದರೆ ನಮ್ಮಿಬ್ಬರದಲ್ಲ. ನನ್ನ ಬಳಿ ನಿಮಗೆ ಬೇರೆ ಪದವಿಲ್ಲ, ಅತ್ತಿಗೆ. ಅದು ಅಣ್ಣನಿಂದ ಬಂದದ್ದು ನಿಜ. ಅಣ್ಣನಿಂದ ನನಗೆ ಬಂದದ್ದರಲ್ಲಿ ಉಳಿದಿರುವುದು ಅದೊಂದೇ. ನೀವು ಮದುವೆಯಾದಿರಿ ಎಂದು ಅದನ್ನೂ ಯಾಕೆ ಕಳೆದುಕೊಳ್ಳಲಿ?

ಈಗ ಕೆಲಸದ ಮಾತು. ಆ ತೆರಪಿಗೆ ಒಂದು ಕಿಟಕಿ ಬೇಕು. ಎಂಥದ್ದು ಎಂದು ನಾನು ಹೇಳುವುದಿಲ್ಲ. ನನ್ನ ಹಳೆಯ ಅಳತೆ ಈಗ ನಡೆಯದು. ಮಳೆಯಲ್ಲಿ ನೆನೆದು ಒಂದು ಮೂಲೆಯ ಗಾರೆ ಉದುರಿದೆ. ನಿಮ್ಮವರೇ ಬಂದು ಅಳೆದುಕೊಳ್ಳಲಿ. ಬರುವಾಗ ಒಬ್ಬರೇ ಬರಬಾರದೆಂದು ಹೇಳಿ. ಇಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯುವವರು ಹೊಲಿಗೆಗೆ ಬಿಟ್ಟು ಅಳೆಯುತ್ತಾರೆ, ನೀವೇ ಹಿಡಿಯಬೇಕು. ನಾಲ್ಕು ದಿನ ಇರುವ ಹಾಗೆ ಬನ್ನಿ. ನೀವು ಬಂದು ಇಲ್ಲಿಯೇ ಇದ್ದುಬಿಡುತ್ತೀರಿ ಎಂದು ಕಟ್ಟಿದ ಕೋಣೆ ಇದು. ಆ ಆಸೆ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಇದ್ದುಕೊಳ್ಳಲಿ. ನೀವು ಬಂದು ಹೋಗುತ್ತಿರಿ.

ನಿನ್ನೆ ಆ ಕೋಣೆ ಗುಡಿಸುತ್ತಿದ್ದೆ. ಟೈಲರಮ್ಮ ಇಣುಕಿ ನೋಡಿ, “ಯಾರು ಬರ್ತಿದಾರೆ?” ಅಂದರು.

“ನಮ್ಮತ್ತಿಗೆ. ಅವರ ಮನೆಯವರೂ ಬರ್ತಾರೆ.”

“ಓ, ನಿಮ್ಮಣ್ಣ ಬರ್ತಾರಾ? ಇಷ್ಟು ದಿನ ಅಣ್ಣ ಇದಾರೆ ಅಂತ ಹೇಳೇ ಇಲ್ಲ ನೀವು.”

“ಅಣ್ಣ ಇಲ್ಲಮ್ಮ,” ಅಂದೆ. “ಅತ್ತಿಗೆ ಇದಾರೆ.”

ಆಕೆ ಒಳಗೆ ಬಂದು, ಪೊರಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

ನಿಮ್ಮ
ಕಡ್ಡಿ